ಮಾಡಿದೆಯಾ ಎಂದು ಕೇಳುವ ಮೊದಲು

ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ಕ್ಯಾಲೆಂಡರಿನ ಹಿಂದೆ ಒಂದು ಹಾಳೆ ಸಿಕ್ಕಿಸಿಟ್ಟಿತ್ತು. ಅದರಲ್ಲಿ ಐದು ರೇಖಾಚಿತ್ರಗಳು. ಒಂದರಲ್ಲಿ ಅಂಗಾತ ಮಲಗಿದ ಮನುಷ್ಯ ಮಂಡಿಯನ್ನು ಎದೆಯ ಹತ್ತಿರ ತಂದುಕೊಂಡಿದ್ದಾನೆ. ಇನ್ನೊಂದರಲ್ಲಿ ಎರಡೂ ಮಂಡಿ ಮಡಿಸಿ ಸೊಂಟವನ್ನು ನೆಲದಿಂದ ಮೇಲಕ್ಕೆತ್ತಿದ್ದಾನೆ. ಕೆಳಗೆ ಪೆನ್ನಿನಲ್ಲಿ ‘ದಿನಕ್ಕೆ ಎರಡು ಬಾರಿ, ಹತ್ತು ಹತ್ತು ಸಲ’ ಎಂದು ಬರೆದಿತ್ತು. ಅಮ್ಮನ ಸೊಂಟನೋವಿಗೆ ಪೇಟೆಯ ಆಸ್ಪತ್ರೆಯಲ್ಲಿ ಕೊಟ್ಟ ಹಾಳೆ ಅದು.

ಅಮ್ಮ ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳನ್ನು ಎತ್ತಿ, ನೆಲದ ಮೇಲೆ ಕೂತು ಎದ್ದು, ಮನೆಗೆ ಬಂದು ಮತ್ತೆ ನೀರು ಹೊತ್ತು ಇಪ್ಪತ್ತೈದು ವರ್ಷ ಕಳೆದವಳು. ನೋವು ಬಂದು ಎರಡು ವರ್ಷವಾಗಿತ್ತು. ಎಕ್ಸರೇ ನೋಡಿದ ಡಾಕ್ಟರು ಗಾಬರಿಯಾಗುವಂಥದ್ದು ಏನೂ ಇಲ್ಲ, ಆಪರೇಷನ್ ಬೇಡ, ವ್ಯಾಯಾಮ ಮಾಡಿ, ನಡೆಯಿರಿ ಎಂದಿದ್ದರು. ಆದರೆ ಅಂಗನವಾಡಿಗೆ ಹೋಗುವ ದಾರಿಯಲ್ಲಿ ಅವಳು ಎರಡು ಕಡೆ ಕಟ್ಟೆ ನೋಡಿ ಕೂರುತ್ತಿದ್ದಳು. ಊರಿನ ಆ ತುದಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದಳು. ದಿನಾ ಸಂಜೆ ಒಬ್ಬರನ್ನೊಬ್ಬರು ನೋಡದೆ ಇರಲಾರದ ಅಕ್ಕತಂಗಿ ಅವರು.

ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ರಾತ್ರಿ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಇವತ್ತು ಮಾಡಿದ್ಯಾ?”

“ಮಾಡ್ದೆ ಕಣೋ. ನಿಂದು ಊಟ ಆಯ್ತಾ?”

ಮಾಡಿಲ್ಲವೆಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಒಂದು ದಿನ ರೇಗಿಬಿಟ್ಟೆ. “ನಿನಗೆ ನಿನ್ನ ದೇಹದ ಮೇಲೇ ಕಾಳಜಿ ಇಲ್ಲ, ಶಿಸ್ತಿಲ್ಲ, ಆಮೇಲೆ ನೋವು ಅಂತ ಅಳಬೇಡ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳು, “ಆಯ್ತಪ್ಪ, ನಾಳೆಯಿಂದ ಮಾಡ್ತೀನಿ” ಎಂದು ಫೋನಿಟ್ಟಳು.

ಈ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ. ನನ್ನ ಪಿಎಚ್.ಡಿ. ವಿಷಯ ಹಳೆಯ ಮೈಸೂರು ಸೀಮೆಯ ಗರಡಿಮನೆಗಳು ಮತ್ತು ವ್ಯಾಯಾಮಶಾಲೆಗಳು. ಜನ ಯಾಕೆ ದಿನವೂ ವ್ಯಾಯಾಮ ಮಾಡುತ್ತಿದ್ದರು ಎಂಬುದನ್ನು ಹುಡುಕುವುದೇ ನನ್ನ ಕೆಲಸ. ಅಂಥವನು ಅಮ್ಮ ಯಾಕೆ ಮಾಡುತ್ತಿಲ್ಲ ಎಂದು ಒಮ್ಮೆಯೂ ಕೇಳಿರಲಿಲ್ಲ. ‘ಶಿಸ್ತಿಲ್ಲ’ ಎಂಬ ಉತ್ತರ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಆ ಉತ್ತರ ನನಗೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದಾಗ ಕಂಡದ್ದೇ ಈ ಬರಹ.

ಗರಡಿಮನೆಯಿಂದ ಶುರುಮಾಡೋಣ. ಗರಡಿಗೆ ಹೋಗುವವನು ಒಬ್ಬನೇ ವ್ಯಾಯಾಮ ಮಾಡುವವನಲ್ಲ. ಅಲ್ಲಿ ಕೆಮ್ಮಣ್ಣಿನ ಅಖಾಡ ಇರುತ್ತದೆ, ಆಂಜನೇಯನ ಪಟ ಇರುತ್ತದೆ, ತಪ್ಪು ಹಿಡಿದು ತಿದ್ದುವ ಉಸ್ತಾದ್ ಇರುತ್ತಾರೆ, ಜೊತೆಗೆ ಸಾಮು ಮಾಡುವ ಗೆಳೆಯರಿರುತ್ತಾರೆ. ಎರಡು ದಿನ ಕಾಣದಿದ್ದರೆ “ಎಲ್ಲಿ ಹೋದ್ಯೋ” ಎಂದು ಯಾರಾದರೂ ಮನೆ ಬಾಗಿಲಿಗೆ ಬರುತ್ತಾರೆ. ಅಭ್ಯಾಸವನ್ನು ಹಿಡಿದಿಟ್ಟುಕೊಳ್ಳುವ ಭಾರವನ್ನು ಆ ಜಾಗವೂ ಆ ಜನವೂ ಹಂಚಿಕೊಂಡಿರುತ್ತಾರೆ. ಒಬ್ಬನ ಇಚ್ಛಾಶಕ್ತಿಯೊಂದೇ ಅದನ್ನು ಹೊತ್ತುಕೊಂಡಿರುವುದಿಲ್ಲ.

ಯುರೋಪಿನಲ್ಲಿ ವ್ಯಾಯಾಮವು ಚಿಕಿತ್ಸೆಯಾದಾಗಲೂ ಮೊದಲಿಗೆ ಹೀಗೆಯೇ ಇತ್ತು. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಸಂಸ್ಥೆಯೊಂದನ್ನು ತೆರೆದ. ಕವಿಯೂ ಕತ್ತಿವರಸೆಯ ಶಿಕ್ಷಕನೂ ಆಗಿದ್ದ ಲಿಂಗ್ ರೂಪಿಸಿದ ಚಲನೆಗಳೇ ಮುಂದೆ ಫಿಸಿಯೋಥೆರಪಿಯ ಒಂದು ಬೇರಾದವು. ಅಲ್ಲಿ ರೋಗಿಯ ಕೈಕಾಲನ್ನು ತರಬೇತಾದ ಮನುಷ್ಯನೊಬ್ಬ ಹಿಡಿದು ಆಡಿಸುತ್ತಿದ್ದ, ಎದುರು ಒತ್ತು ಕೊಡುತ್ತಿದ್ದ. ಅದೇ ಊರಿನ ಗುಸ್ತಾವ್ ಸಾಂಡರ್ ಎಂಬ ವೈದ್ಯ 1860ರ ದಶಕದಲ್ಲಿ ಆ ಮನುಷ್ಯನ ಜಾಗಕ್ಕೆ ಯಂತ್ರಗಳನ್ನು ತಂದ. ಇಂದಿನ ಜಿಮ್‌ಗಳ ಯಂತ್ರಗಳಿಗೆ ಅವು ಮುತ್ತಜ್ಜ ಇದ್ದಂತೆ. ಕೈಯಾಗಲಿ ಯಂತ್ರವಾಗಲಿ, ರೋಗಿ ಅದಿದ್ದ ಕಡೆಗೆ ಹೋಗಬೇಕಿತ್ತು. ಹೋದರೆ ವ್ಯಾಯಾಮ ಆಗುತ್ತಿತ್ತು. ಮನೆಯಲ್ಲಿ ಮಾಡಿದಿರಾ ಎಂಬ ಪ್ರಶ್ನೆ ಏಳುತ್ತಿರಲಿಲ್ಲ.

ವ್ಯಾಯಾಮ ಮನೆಯೊಳಕ್ಕೆ ಬಂದದ್ದು ಪುಸ್ತಕದ ಮೂಲಕ. ಲೈಪ್‌ಜಿಗ್‌ನ ವೈದ್ಯ ಮೋರಿಟ್ಸ್ ಶ್ರೇಬರ್ 1855ರಲ್ಲಿ ಕೋಣೆಯೊಳಗೆ ಮಾಡಬಹುದಾದ ವೈದ್ಯಕೀಯ ವ್ಯಾಯಾಮಗಳ ಸಚಿತ್ರ ಪುಸ್ತಕ ಪ್ರಕಟಿಸಿದ. ಉಪಕರಣ ಬೇಡ, ಶಿಕ್ಷಕ ಬೇಡ. ಚಿತ್ರ ನೋಡಿ ಮಾಡಿದರಾಯಿತು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಅಮ್ಮನ ಕ್ಯಾಲೆಂಡರಿನ ಹಿಂದಿದ್ದ ಹಾಳೆಯ ವಂಶವೃಕ್ಷ ಬರೆದರೆ ಅದರ ಮೇಲ್ತುದಿಯಲ್ಲಿ ಈ ಪುಸ್ತಕ ನಿಲ್ಲುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಶ್ರೇಬರ್ ಹೆಸರು ಬೇರೆ ದಾರಿಯಿಂದ ಪರಿಚಯವಿರಬಹುದು. ಅವನ ಮಗ, ನ್ಯಾಯಾಧೀಶನಾಗಿದ್ದ ಡೇನಿಯಲ್ ಪೌಲ್ ಶ್ರೇಬರ್, ತನ್ನ ಮಾನಸಿಕ ಕಾಯಿಲೆಯ ಬಗ್ಗೆ 1903ರಲ್ಲಿ ಬರೆದ ನೆನಪುಗಳನ್ನು ಓದಿಯೇ ಫ್ರಾಯ್ಡ್ 1911ರಲ್ಲಿ ತನ್ನ ಪ್ರಸಿದ್ಧ ಪ್ರಬಂಧ ಬರೆದದ್ದು. ತಂದೆ ಶ್ರೇಬರ್ ಮಕ್ಕಳನ್ನು ನೆಟ್ಟಗೆ ಕೂರಿಸಲು ಪಟ್ಟಿಗಳನ್ನೂ ಕಂಬಿಗಳನ್ನೂ ರೂಪಿಸಿದ ಮನುಷ್ಯ. ಮನೆಯ ವ್ಯಾಯಾಮ ಮತ್ತು ಶಿಸ್ತು ಹುಟ್ಟಿನಿಂದಲೇ ಜೋಡಿ ಎಂದು ನನಗೆ ಅನ್ನಿಸಿದ್ದು ಇಲ್ಲಿ.

1904ರಲ್ಲಿ ಡೆನ್ಮಾರ್ಕಿನ ಜೆ. ಪಿ. ಮ್ಯುಲರ್ ‘ನನ್ನ ಪದ್ಧತಿ’ ಎಂಬ ಪುಸ್ತಕ ತಂದ. ದಿನಕ್ಕೆ 15 ನಿಮಿಷ ಸಾಕು ಎಂಬುದು ಅದರ ಭರವಸೆ. ಪ್ರಾಗ್ ನಗರದ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದ ಫ್ರಾನ್ಜ್ ಕಾಫ್ಕಾ ಅದರ ನಿಷ್ಠಾವಂತ ಅನುಯಾಯಿ. ಕಿಟಕಿ ತೆರೆದಿಟ್ಟು ತಾನು ಮಾಡುವ ವ್ಯಾಯಾಮದ ಬಗ್ಗೆ ಫೆಲಿಸ್ ಬಾಯರ್‌ಗೆ ಬರೆದ ಪತ್ರದಲ್ಲಿ ಅವನು ಹೇಳಿಕೊಂಡಿದ್ದಾನೆ. ಆ ಹೊತ್ತಿಗೆ ಲಂಡನ್ನಿನ ಮಲ್ಲ ಯೂಜೆನ್ ಸ್ಯಾಂಡೋ ಅಂಚೆಯ ಮೂಲಕವೇ ವ್ಯಾಯಾಮ ಪಾಠ ಕಳಿಸುತ್ತಿದ್ದ.

ಆ ಗಾಳಿ ನಮ್ಮಲ್ಲಿಗೂ ಬಂತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ. ವಿ. ಅಯ್ಯರ್ ಊರಾಚೆಯ ಶಿಷ್ಯರಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿದ್ದರು. ‘ರೂಪದರ್ಶಿ’ ಮತ್ತು ‘ಶಾಂತಲಾ’ ಕಾದಂಬರಿಗಳನ್ನು ಬರೆದವರು ಇವರೇ. ನನ್ನ ಸಂಶೋಧನೆಯಲ್ಲಿ ಅಯ್ಯರ್ ಬಂದಾಗಲೆಲ್ಲ ನನ್ನ ಗಮನ ಅಂಚೆಯ ಪಾಠದ ಕಡೆಗೇ ಹೋಗುತ್ತದೆ. ಅಂಚೆ ಎಂದರೆ ಎರಡು ಕಡೆಯ ವ್ಯವಹಾರ. ಪಾಠ ಹೋದರೆ ಪತ್ರ ಬರಬೇಕು. ದೂರದಲ್ಲಾದರೂ ಒಬ್ಬರು ಕಾಯುತ್ತಿದ್ದಾರೆ ಎಂಬುದು ಶಿಷ್ಯನಿಗೆ ಗೊತ್ತಿರುತ್ತದೆ. ಅಮ್ಮನ ಹಾಳೆ ಒಂದೇ ಕಡೆಗೆ ಬಂದದ್ದು. ಅದಕ್ಕೆ ಯಾರೂ ಉತ್ತರ ಕಾಯುತ್ತಿರಲಿಲ್ಲ.

ಇವೆಲ್ಲ ಆರೋಗ್ಯವಂತರು ಇನ್ನಷ್ಟು ಗಟ್ಟಿಯಾಗಲು ಓದಿದ ಪುಸ್ತಕಗಳು, ತರಿಸಿಕೊಂಡ ಪಾಠಗಳು. ಮಾಡಿದವನು ಶಿಸ್ತಿನವನು, ಬಿಟ್ಟವನು ಸೋಮಾರಿ ಎಂಬ ಲೆಕ್ಕ ಅಲ್ಲಿಂದ ಬಂದದ್ದು. ನೋವಿರುವ ಮನುಷ್ಯನಿಗೂ ಅದೇ ಲೆಕ್ಕ ಅಂಟಿಕೊಂಡಿತು.

ಇನ್ನು ಸೊಂಟನೋವಿನ ಕಥೆ. 1934ರಲ್ಲಿ ಅಮೆರಿಕದ ಬಾಸ್ಟನ್ನಿನ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಸೊಂಟದಿಂದ ಕಾಲಿಗಿಳಿಯುವ ನೋವು ಬರಬಹುದೆಂದು ತೋರಿಸಿದರು. ಅದಾದ ಮೇಲೆ ದಶಕಗಳ ಕಾಲ ಸೊಂಟನೋವೆಂದರೆ ಕೆಟ್ಟುಹೋದ ಒಂದು ಬಿಡಿಭಾಗ ಎಂಬ ಕಲ್ಪನೆ ಬೆಳೆಯಿತು. ಕೆಟ್ಟದ್ದನ್ನು ಕತ್ತರಿಸು, ಇಲ್ಲವೇ ಅಲುಗಾಡಿಸದೆ ಮಲಗಿಸು. ವಾರಗಟ್ಟಲೆ ಹಾಸಿಗೆ ಸಾಮಾನ್ಯ ಸಲಹೆಯಾಯಿತು. ಇದರ ನಡುವೆಯೇ ಟೆಕ್ಸಸ್‌ನ ಪಾಲ್ ವಿಲಿಯಮ್ಸ್ 1937ರಲ್ಲಿ ಮುಂದಕ್ಕೆ ಬಾಗುವ ವ್ಯಾಯಾಮಗಳನ್ನು ಹೇಳಿಕೊಟ್ಟರು. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ಬಳಿ ಬಂದ ರೋಗಿಯೊಬ್ಬ, ತಲೆಯ ಭಾಗ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿತ್ತು. ನೋಡಿದರೆ ಅವನ ಕಾಲುನೋವು ಹೋಗಿತ್ತು. ಅಲ್ಲಿಂದ ಹಿಂದಕ್ಕೆ ಬಾಗುವ ಪದ್ಧತಿಯೊಂದು ಬೆಳೆದು, 1980ರಲ್ಲಿ ರೋಗಿಯೇ ಓದಿ ಮಾಡಿಕೊಳ್ಳುವ ಪುಸ್ತಕವಾಗಿ ಬಂತು. ಮುಂದಕ್ಕೆ ಬಾಗಬೇಕೋ ಹಿಂದಕ್ಕೆ ಬಾಗಬೇಕೋ ಎಂಬ ವಾದ ತಜ್ಞರಲ್ಲಿ ಬಹುಕಾಲ ನಡೆಯಿತು. ಮನೆಗೆ ಹೋದ ಮೇಲೆ ರೋಗಿ ಯಾವ ಕಡೆಗಾದರೂ ಬಾಗುತ್ತಾನೆಯೇ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಗಲಿಲ್ಲ.

ಈ ಕಾಲದ ಅತಿ ಪ್ರಸಿದ್ಧ ಸೊಂಟ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರದು. ಹಲವು ಶಸ್ತ್ರಚಿಕಿತ್ಸೆಗಳಾಗಿದ್ದವು, ನೋವು ತಗ್ಗಿಸುವ ಚುಚ್ಚುಮದ್ದು, ಸೊಂಟಪಟ್ಟಿ, ತೂಗುಕುರ್ಚಿ ಎಲ್ಲ ಇದ್ದವು. 1961ರ ಮೇ ತಿಂಗಳಲ್ಲಿ ಒಟ್ಟಾವಾದಲ್ಲಿ ಗಿಡ ನೆಡುವ ಸಮಾರಂಭದಲ್ಲಿ ಮಣ್ಣೆತ್ತಿ ಮತ್ತೆ ನೋವು ಮಾಡಿಕೊಂಡು ಊರುಗೋಲು ಹಿಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಹ್ಯಾನ್ಸ್ ಕ್ರೌಸ್ ಎಂಬ ವೈದ್ಯರನ್ನು ಕರೆಸಿದರು. ಆಸ್ಟ್ರಿಯಾ ಮೂಲದ ಕ್ರೌಸ್ ಪರ್ವತಾರೋಹಿ. ಸೊಂಟನೋವಿನ ಬಹುಪಾಲು ಸಮಸ್ಯೆ ಬಳಸದೆ ದುರ್ಬಲವಾದ, ಬಿಗಿದುಕೊಂಡ ಸ್ನಾಯುಗಳದ್ದು ಎಂದು ನಂಬಿದವರು. ವಾರಕ್ಕೆ ಮೂರು ದಿನ ಶ್ವೇತಭವನದಲ್ಲೇ ವ್ಯಾಯಾಮ ನಡೆಯಿತು. ಕೆನಡಿ ಸುಧಾರಿಸಿದರು. ಆದರೂ 1963ರ ನವೆಂಬರಿನಲ್ಲಿ ಡಲ್ಲಾಸಿಗೆ ಹೋದ ದಿನ ಅವರ ಸೊಂಟಕ್ಕೆ ಪಟ್ಟಿ ಇತ್ತು.

ಈ ಪ್ರಸಂಗವನ್ನು ಓದಿದಾಗ ನಾನು ಒಂದು ಸಣ್ಣ ಸಂಗತಿಯಲ್ಲಿ ಸಿಕ್ಕಿಕೊಂಡೆ. ಅಧ್ಯಕ್ಷರು ವ್ಯಾಯಾಮ ಮಾಡಿದ್ದು ಶಿಸ್ತಿನಿಂದಲೇ? ಇದ್ದೀತು. ಆದರೆ ಅವರಿಗೆ ಜಾಗವಿತ್ತು, ನಿಗದಿತ ಹೊತ್ತಿತ್ತು, ಆ ಹೊತ್ತಿಗೆ ಬಂದು ನಿಲ್ಲುವ ಮನುಷ್ಯನಿದ್ದ. ಶ್ವೇತಭವನದೊಳಗೇ ಅವರಿಗೊಂದು ಗರಡಿಮನೆ ಕಟ್ಟಿಕೊಟ್ಟಂತಾಗಿತ್ತು.

ಹಾಸಿಗೆಯ ಕಾಲ ಮುಗಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1986ರಲ್ಲಿ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಗುಣವಾಗುವುದರಲ್ಲಿ ವ್ಯತ್ಯಾಸವಿರಲಿಲ್ಲ, ಎರಡು ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಮಾತ್ರ ಶೇ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಹೊಸದಾಗಿ ನೋವು ಬಂದವರಲ್ಲಿ ಮಲಗಿದವರಿಗಿಂತಲೂ ವ್ಯಾಯಾಮ ಮಾಡಿದವರಿಗಿಂತಲೂ, ನೋವು ತಡೆದುಕೊಳ್ಳುವಷ್ಟರಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ಆದರೆ ಅಮ್ಮನಂತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವಿರುವವರಿಗೆ ವ್ಯಾಯಾಮದಿಂದ ಒಂದಿಷ್ಟು ಅನುಕೂಲವಿದೆ ಎಂದು ಹಲವು ಪ್ರಯೋಗಗಳು ಹೇಳುತ್ತವೆ. ಮಾಡಿದರೆ ಮಾತ್ರ.

ಆ ‘ಮಾಡಿದರೆ’ ಎಂಬುದಕ್ಕೂ ಒಂದು ಚರಿತ್ರೆ ಇದೆ. 1970ರ ದಶಕದಲ್ಲಿ ಕೆನಡಾದ ಡೇವಿಡ್ ಸ್ಯಾಕೆಟ್ ಮತ್ತು ಬ್ರಯಾನ್ ಹೇನ್ಸ್ ರೋಗಿಗಳು ಸಲಹೆ ಪಾಲಿಸುತ್ತಾರೆಯೇ ಎಂಬುದನ್ನು ಕ್ರಮವಾಗಿ ಅಳೆಯಲು ಹೊರಟರು. ಅದಕ್ಕೆ ಬಳಸಿದ ಪದ ‘ಕಂಪ್ಲಯನ್ಸ್’. ಹೇಳಿದಂತೆ ಕೇಳುವುದು ಎಂದರ್ಥ. ಪದವೇ ತಪ್ಪನ್ನು ರೋಗಿಯ ಮೇಲೆ ಹೊರಿಸುತ್ತದೆ ಎಂಬ ಆಕ್ಷೇಪ ಬಂತು. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ‘ಅಡ್‌ಹಿಯರೆನ್ಸ್’ ಎಂಬ ಪದವನ್ನು ಆಯ್ದುಕೊಂಡಿತು. ರೋಗಿ ಒಪ್ಪಿ, ಅದಕ್ಕೆ ಅಂಟಿಕೊಂಡು ನಡೆಯುವುದು. ದೀರ್ಘಕಾಲದ ಕಾಯಿಲೆಗಳಲ್ಲಿ, ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಹಾಗೆ ನಡೆಯುತ್ತಾರೆ ಎಂದಿತು ಆ ವರದಿ. ಪ್ರಪಂಚದ ಅರ್ಧದಷ್ಟು ರೋಗಿಗಳು ನಮ್ಮಮ್ಮನಂತೆಯೇ ಎಂದಾಗ ‘ಶಿಸ್ತಿಲ್ಲ’ ಎಂಬ ನನ್ನ ವಿವರಣೆ ತೀರಾ ಸಣ್ಣದಾಗಿ ಕಂಡಿತು.

ಈ ದಾರಿಯಲ್ಲಿ ನನಗೆ ಬಹಳ ಹಿಡಿಸಿದವರು ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್. ‘ನೋವು ಬರುವ ತನಕ ಮಾಡಿ, ಬಂದಾಗ ನಿಲ್ಲಿಸಿ’ ಎಂಬುದು ಎಲ್ಲರೂ ಕೊಡುತ್ತಿದ್ದ ಸಲಹೆ. ಇದರಲ್ಲೇ ತೊಡಕಿದೆ ಎಂದರು ಅವರು. ಪ್ರತಿಸಲವೂ ನೋವಿನ ಬೆನ್ನಿಗೆ ವಿಶ್ರಾಂತಿ ಸಿಕ್ಕರೆ, ನೋವೇ ಯಜಮಾನನಾಗುತ್ತದೆ. ಅದಕ್ಕೆ ಬದಲಾಗಿ, ರೋಗಿ ಈಗ ಎಷ್ಟು ಮಾಡಬಲ್ಲ ಎಂದು ಕೆಲವು ದಿನ ನೋಡಿ, ಅದಕ್ಕಿಂತ ತುಸು ಕಡಿಮೆಯ ಲೆಕ್ಕ ಗೊತ್ತುಮಾಡಬೇಕು. ಅಷ್ಟು ಮುಗಿದ ಮೇಲೆ ವಿಶ್ರಾಂತಿ. ಚೆನ್ನಾಗಿದ್ದ ದಿನ ಹೆಚ್ಚು ಮಾಡುವಂತಿಲ್ಲ, ನೋವಿನ ದಿನ ಬಿಡುವಂತಿಲ್ಲ. ಲೆಕ್ಕ ನಿಧಾನವಾಗಿ ಏರುತ್ತದೆ. ರೋಗಿಯೇ ಅದನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. 1976ರ ಅವರ ಪುಸ್ತಕದಿಂದ ಈ ವಿಚಾರ ಎಲ್ಲೆಡೆ ಹರಡಿತು.

1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಎಮ್ಮಿ ಸ್ಲೌಸ್ ಮತ್ತು ಸಂಗಡಿಗರು ಇನ್ನೊಂದು ಬಾಗಿಲು ತೆರೆದರು. ಫಿಸಿಯೋಥೆರಪಿಗೆ ಬಂದವರು ಹೇಳಿದ ವ್ಯಾಯಾಮವನ್ನು ಯಾಕೆ ಮಾಡುವುದಿಲ್ಲ ಎಂದು ಕೇಳಿದಾಗ ಮುಖ್ಯವಾಗಿ ಮೂರು ಸಂಗತಿ ಕಂಡವು: ದಿನದ ಬದುಕಿನಲ್ಲಿ ಎದುರಾಗುವ ಅಡ್ಡಿಗಳು, ಮಾಡಿದ್ದಕ್ಕೆ ಯಾರೂ ಭೇಷ್ ಎನ್ನದಿರುವುದು, ತನ್ನಿಂದೇನೂ ಆಗದು ಎಂಬ ಅಸಹಾಯಕತೆ. ಸೋಮಾರಿತನಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಇದನ್ನು ಓದಿದ್ದು ನಾನು. ಆದರೆ ಅಮ್ಮನಿಗೆ ನೆರವಾದದ್ದು ನನ್ನ ಓದಲ್ಲ. ಕಳೆದ ವರ್ಷ ಅವಳನ್ನು ಮತ್ತೆ ಪೇಟೆಗೆ ಕರೆದುಕೊಂಡು ಹೋಗಿದ್ದೆ. ಈ ಸಲ ನೋಡಿದವಳು ನನಗಿಂತ ಚಿಕ್ಕ ವಯಸ್ಸಿನ ಫಿಸಿಯೋಥೆರಪಿಸ್ಟ್. “ಏನೂ ಮಾಡಲ್ಲ ಇವರು, ಸ್ವಲ್ಪ ಬೈಯಿರಿ ಮೇಡಂ” ಎಂದೆ ನಾನು. ಅವಳು ನನ್ನ ಕಡೆ ನೋಡಲೂ ಇಲ್ಲ. ಹಾಳೆಯನ್ನು ಅಮ್ಮನ ಮುಂದಿಟ್ಟು, “ಇದನ್ನ ಎಲ್ಲಿ ಮಾಡ್ತೀರಮ್ಮ? ಮನೇಲಿ ಯಾವ ಜಾಗದಲ್ಲಿ?” ಎಂದಳು.

ಅಮ್ಮ ಒಮ್ಮೆ ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದಳು. “ಎಲ್ಲಿ ಮಾಡ್ಲಿ ಹೇಳಮ್ಮ. ಇರೋದೊಂದು ಪಡಸಾಲೆ. ಬೆಳಿಗ್ಗೆ ನಮ್ಮ ಮಾವನೋರು ಅಲ್ಲೇ ಕೂತಿರ್ತಾರೆ. ಹಾಲಿನೋರು ಬರ್ತಾರೆ, ಪಕ್ಕದ ಮನೆಯೋರು ಬರ್ತಾರೆ. ಸೀರೆ ಉಟ್ಕೊಂಡು ಅವರೆದುರಿಗೆ ಅಂಗಾತ ಮಲಗಿ ಕಾಲೆತ್ತಲಾ?”

ನಾನು ತಲೆ ತಗ್ಗಿಸಿದೆ. ಎರಡು ವರ್ಷ ‘ಮಾಡಿದ್ಯಾ’ ಎಂದು ಕೇಳಿದವನು ಒಂದು ಸಲವೂ ‘ಎಲ್ಲಿ’ ಎಂದು ಕೇಳಿರಲಿಲ್ಲ. ಗರಡಿಮನೆಗಳ ಅಳತೆ, ಅಖಾಡದ ಮಣ್ಣಿನ ಬಣ್ಣ ಎಲ್ಲ ಬರೆದಿಟ್ಟುಕೊಂಡವನಿಗೆ ನಮ್ಮ ಮನೆಯಲ್ಲಿ ಅಮ್ಮ ಕಾಲು ಚಾಚಿ ಮಲಗಲು ಆರಡಿ ಮರೆಯ ಜಾಗವಿಲ್ಲ ಎಂಬುದು ಕಂಡಿರಲಿಲ್ಲ.

ಆ ಹುಡುಗಿ ಐದು ಚಿತ್ರಗಳಲ್ಲಿ ಮೂರನ್ನು ಹೊಡೆದುಹಾಕಿದಳು. ಉಳಿದ ಎರಡರಲ್ಲಿ ಒಂದನ್ನು ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ, ಹೊದಿಕೆಯೊಳಗೇ ಮಾಡಲು ಹೇಳಿದಳು. ಇನ್ನೊಂದನ್ನು ಅಡುಗೆಕಟ್ಟೆ ಹಿಡಿದು ನಿಂತು ಮಾಡುವಂತೆ ಬದಲಿಸಿಕೊಟ್ಟಳು. ಕುಕ್ಕರ್ ಇಟ್ಟ ಮೇಲೆ ಮೊದಲ ಕೂಗು ಬರುವತನಕ. “ನಡೆಯೋಕೆ ಎಲ್ಲಿಗೆ ಹೋಗಬೇಕು ಅನ್ಸುತ್ತೆ?” ಎಂದು ಕೇಳಿದಳು. “ನಮ್ಮ ತಂಗಿ ಮನೆಗೆ” ಎಂದಳು ಅಮ್ಮ. ನಮ್ಮ ಮನೆಯಿಂದ ಚಿಕ್ಕಮ್ಮನ ಮನೆಗೆ ಹನ್ನೊಂದು ಲೈಟುಕಂಬ. ಅಮ್ಮ ನಾಲ್ಕನೆಯದರ ಹೊತ್ತಿಗೆ ಕೂರುತ್ತಿದ್ದಳು. “ಹಾಗಾದ್ರೆ ಮೂರಕ್ಕೇ ತಿರುಗಿ ಬನ್ನಿ. ಚೆನ್ನಾಗಿದ್ರೂ ಮೂರೇ. ಮುಂದಿನ ವಾರ ನಾಲ್ಕು. ಮಾಡಿದ ದಿನ ಕ್ಯಾಲೆಂಡರಲ್ಲಿ ಒಂದು ಗೀಟು ಎಳೀರಿ. ಹದಿನೈದು ದಿನಕ್ಕೆ ನಾನೇ ಫೋನ್ ಮಾಡ್ತೀನಿ” ಎಂದಳು.

ಫೋರ್ಡೈಸ್ ಹೆಸರನ್ನು ಅವಳು ಕೇಳಿದ್ದಳೋ ಇಲ್ಲವೋ. ಆದರೆ ಎಣಿಕೆ, ಗುರುತು, ಏರಿಕೆ ಎಲ್ಲ ಅಲ್ಲಿದ್ದವು. ಜಾಗ, ಹೊತ್ತು, ತಪ್ಪಿದರೆ ಕೇಳುವ ಒಬ್ಬ ಮನುಷ್ಯಳು: ಗರಡಿಮನೆಯಿಂದ ಚಿತ್ರದ ಹಾಳೆಗೆ ಬರುವಾಗ ದಾರಿಯಲ್ಲಿ ಬಿದ್ದುಹೋಗಿದ್ದನ್ನೆಲ್ಲ ಅವಳು ಒಂದೊಂದಾಗಿ ಹೆಕ್ಕಿ ಅಮ್ಮನ ಸೆರಗಿಗೆ ಕಟ್ಟಿಕೊಟ್ಟಂತಿತ್ತು.

ಇದೆಲ್ಲ ಪವಾಡವೆಂದು ಹೇಳಲು ಚರಿತ್ರೆ ನನಗೆ ಬಿಡುವುದಿಲ್ಲ. ವಿಯೆನ್ನಾದ ಮಾರ್ಟಿನ್ ಫ್ರೀಡ್ರಿಖ್ ಮತ್ತು ಸಂಗಡಿಗರು 1998ರಲ್ಲಿ 93 ಸೊಂಟನೋವಿನ ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎಲ್ಲರಿಗೂ ವ್ಯಾಯಾಮ, ಒಂದು ಗುಂಪಿಗೆ ಅದರ ಜೊತೆಗೆ ಮಾತುಕತೆ, ಮೆಚ್ಚುಗೆ, ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದ, ದಿನಚರಿ ಪುಸ್ತಕ. ಆ ಗುಂಪಿನವರು ಹೇಳಿದ ದಿನಗಳಿಗೆ ಹೆಚ್ಚು ತಪ್ಪದೆ ಬಂದರು, ವರ್ಷದ ನಂತರವೂ ಅವರ ನೋವು, ತೊಂದರೆ ಕಡಿಮೆ ಇತ್ತು. ಆದರೆ ದೀರ್ಘಕಾಲ ಮನೆಯಲ್ಲಿ ವ್ಯಾಯಾಮ ಮುಂದುವರಿಸುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಜೊತೆಗೊಬ್ಬರು ನಿಂತದ್ದರಿಂದ ಅನುಕೂಲವಾಯಿತು, ಆದರೆ ಅಭ್ಯಾಸ ಶಾಶ್ವತವಾಗಿ ನಿಲ್ಲಲಿಲ್ಲ. ನನಗೆ ಇದು ನಿರಾಶೆಯ ಮಾತೆನಿಸುವುದಿಲ್ಲ. ಗರಡಿಯ ಉಸ್ತಾದ್ ಒಂದು ದಿನ ಹೇಳಿಕೊಟ್ಟು ಹೊರಟುಹೋಗುತ್ತಿರಲಿಲ್ಲವಲ್ಲ.

2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗದ ವರದಿ ಬಂತು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಅರ್ಧದಷ್ಟು ಮಂದಿಗೆ ಫಿಸಿಯೋಥೆರಪಿಸ್ಟರು ಅವರವರ ಶಕ್ತಿಗೆ ತಕ್ಕಂತೆ ನಡಿಗೆಯ ಕ್ರಮ ಹಾಕಿಕೊಟ್ಟು, ಆರು ತಿಂಗಳು ಆಗಾಗ ಮಾತಾಡಿಸಿದರು. ಉಳಿದವರಿಗೆ ಅದಿರಲಿಲ್ಲ. ನೋವು ಮತ್ತೆ ಮರಳಲು ನಡೆದವರಲ್ಲಿ ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿದರೆ, ಉಳಿದವರಲ್ಲಿ 112 ದಿನ. ಬೇಕಿದ್ದದ್ದು ರಸ್ತೆ, ಕಾಲು ಮತ್ತು ಮಾತಾಡಿಸುವ ಒಬ್ಬರು.

ಕಳೆದ ತಿಂಗಳು ಊರಿಗೆ ಹೋದಾಗ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ನೋಡಿದೆ. ಏಕಾದಶಿ, ಸಂಕಷ್ಟಿ, ಗ್ಯಾಸ್ ಬಂದ ದಿನಗಳ ಪಕ್ಕದಲ್ಲಿ ನೀಲಿ ಪೆನ್ನಿನ ಗೀಟುಗಳು. ತಾತನಿಗೆ ಹುಷಾರಿಲ್ಲದಿದ್ದ ಎರಡು ವಾರ ಪೂರ್ತಿ ಖಾಲಿ. ಅಂಗನವಾಡಿಯ ಸರ್ವೆ ಕೆಲಸವಿದ್ದ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು. ಮತ್ತೆ ಸಾಲಾಗಿ ಗೀಟುಗಳು. ಆಕರ ಓದುವ ಅಭ್ಯಾಸದ ಮೇಲೆ ಆ ಖಾಲಿ ಜಾಗಗಳನ್ನೂ ಓದಿದೆ. ಒಂದರಲ್ಲೂ ಸೋಮಾರಿತನ ಕಾಣಲಿಲ್ಲ.

ನೋವು ಹೋಗಿಲ್ಲ. ಬೆಳಿಗ್ಗೆ ಏಳುವಾಗ ಇದ್ದೇ ಇದೆ ಎನ್ನುತ್ತಾಳೆ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನೂ ಜೊತೆಗೆ ಹೊರಟೆ. ಏಳನೆಯ ಕಂಬದ ಹತ್ತಿರ ಒಂದು ಸಲ ನಿಂತಳು, ಕೂರಲಿಲ್ಲ. ಚಿಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಮ್ಮನ್ನು ನೋಡಿ, “ಯಾಕೆ ಇವತ್ತು ಇಷ್ಟು ಹೊತ್ತು ಮಾಡ್ದೆ?” ಎಂದು ಅಮ್ಮನನ್ನು ಗದರಿಸಿದರು.